ಬಿಳಿಚೋಡಿನ ಗೋಡೆ ಮ್ಯಾಲಿನ ಕುರಿಮಂದೆ

ಒಂದು ನಿಮಿಷ ತಡೀರಿ, ಈ ಕುರಿ ಕತೆ ಕೇಳದೆ ಪುಟ ತಿರುವಬ್ಯಾಡ್ರಿ. ಹೋದ ಬೇಸಿಗೇಲಿ ಬಿಳಿಚೋಡು ಅನ್ನೋ ಊರಿನ ಒಂದು ಗೋಡೆ ಮುಂದೆ ಬಾಯಿ ಬಿಟ್ಟುಕೊಂಡು ನಿಂತೋನು ನಾನು, ಇನ್ನೂ ಪೂರ್ತಿ ಮುಚ್ಚಿಲ್ಲ.

ನನಗೆ ಚಿತ್ರ ಬರಿಯೋದು ಯಾರೂ ಕಲಿಸಿದ್ದಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಗೋಡೆಗಳಿಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೀತಾ, ಗೊಬ್ಬರದ ಜಾಹೀರಾತು ಬರೀತಾ ಕೈ ಕುದುರಿದ್ದು ಅಷ್ಟೇ. ಅಂಥದ್ದೇ ಕೆಲಸಕ್ಕೆ ಜಗಳೂರು ಕಡೆ ಹೋದಾಗ ಬಿಳಿಚೋಡಿನ ಕುರಿ ಕಾಯೋರ ಕೇರಿ ಹುಡುಗ್ರು, ಹುಡುಗೀರು ಏಳೆಂಟು ಜನ ಬಂದು ಸುತ್ತುಗಟ್ಟಿದ್ರು.

"ಬೋರ್ಡ್ ಮೇಷ್ಟ್ರೇ, ಊರಲ್ಲಿ ಎಲ್ಲಾ ಗೋಡೆ ಮ್ಯಾಲೂ ಬ್ಯಾರೇರ ಮಾತೇ ಐತೆ. ನಮ್ಮ ಭಜನೆ ಮನೆ ಗೋಡೆ ಮ್ಯಾಲೆ ನಮ್ಮದೇನಾದ್ರೂ ಬರಿಯಾಕೆ ಕಲಿಸ್ರಿ."

ಆ ಮಾತಿಗೆ ನನ್ನ ಮೈ ಜುಂ ಅಂತು. ಆಗಲಿ ಅಂದೆ. ಕೇರಿ ಯಜಮಾನ್ರು ಗೋಡೆ ಕೊಟ್ರು, ಒಂದೇ ಷರತ್ತು: "ಇದರಿಂದ ಕೇರಿಯಾಗೆ ಜಗಳ ಬಂತೋ, ಸುಣ್ಣ ಬಳಿದುಬಿಡ್ತೀನಿ. ಮತ್ತೆ ಈ ಗೋಡೆ ಕೇಳಂಗಿಲ್ಲ."

ನೂಲಿಗೆ ಇದ್ದಿಲು ಪುಡಿ ಹಚ್ಚಿ ಎಳೆದು ಬಿಟ್ರೆ ಗೋಡೆ ಮ್ಯಾಲೆ ನೆಟ್ಟಗೆ ಗೆರೆ ಬೀಳ್ತೈತಲ್ಲ, ಹಂಗೆ ಚೌಕ ಹಾಕೋದು ಕಲಿಸಿದೆ. ಕಾಗದದ ಮ್ಯಾಲಿನ ಒಂದು ಚೌಕದಾಗೆ ಏನೈತೋ ಗೋಡೆ ಚೌಕದಾಗೂ ಅದೇ ಬರಬೇಕು. ಎರಡೇ ದಿನಕ್ಕೆ ನನ್ನ ಮೀರಿಸಿಬಿಟ್ರು ಕಣ್ರೀ! ಅಂಗೈಯಗಲ ಇದ್ದ ಕುರಿ ಎತ್ತಿನಷ್ಟು ಆಗಿ ನಿಂತಿತ್ತು.

ಒಂದು ಸಂಜೆ ನಾನೊಬ್ಬನೇ ನೋಡ್ತಾ ಇದ್ದೆ. ಎಲ್ಲಾ ಚಂದ, ಕಿವಿ ಮಾತ್ರ ಸರಿ ಇಲ್ಲ. ಒಂದರ ಕಿವಿ ತುದಿ ಇಲ್ಲ, ಇನ್ನೊಂದರದು ನಡುವೆ ಸೀಳಿದಂಗೆ ಐತೆ. ಪಾಪ, ಕೈ ನಡುಗಿರಬೇಕು ಅಂತ ಕುಂಚ ತಗೊಂಡು ಕತ್ತಲಾಗೋವರೆಗೂ ಕಣ್ಣಿಗೆ ಬಿದ್ದಷ್ಟನ್ನ ತಿದ್ದಿದೆ. ಮಾಡಿದ್ದು ಉಪಕಾರ ಅಂದ್ಕೊಂಡು ನಿದ್ದೇನೂ ಚೆನ್ನಾಗಿ ಮಾಡಿದೆ.

ಬೆಳಿಗ್ಗೆ ಗೋಡೆ ಮುಂದೆ ಕೇರಿಗೆ ಕೇರೀನೇ ನಿಂತು ಕೂಗ್ತಾ ಐತೆ.

"ನಮ್ಮ ಮನೆ ಟಗರು ಅವರ ಮನೇದು ಹೆಂಗಾತು?"

"ರಾತ್ರಿ ಕಾಲು ಬಂದು ನಡಕೊಂಡು ಹೋತೇನೋ ನೋಡು!"

"ಕದಿಯೋರು ಹಟ್ಟಿಯಾಗೂ ಕದೀತಾರೆ, ಗೋಡೆ ಮ್ಯಾಲೂ ಕದೀತಾರೆ!"

ಆಗ ಗೊತ್ತಾತು ನನಗೆ. ಮಂದೆ ಬೆರೆತಾಗ ಗುರುತು ಸಿಗಲಿ ಅಂತ ಒಂದೊಂದು ಮನೆಯೋರು ತಮ್ಮ ಕುರಿ ಕಿವಿಗೆ ಒಂದೊಂದು ಥರ ಕಚ್ಚು ಹಾಕ್ತಾರಂತೆ. ಹುಡುಗ್ರು ಮನೆಗೊಂದರಂತೆ ಲೆಕ್ಕ ಇಟ್ಟು ಬರೆದಿದ್ರು. ನಾನು ಎರಡು ಕಚ್ಚಿನಾಗೆ ಒಂದು ಮುಚ್ಚಿ, ಇವರ ಕುರಿ ಅವರಿಗೆ ಕೊಟ್ಟಿದ್ದೆ. ಇನ್ನು ಕೆಲವಕ್ಕೆ ವಾರಸುದಾರರೇ ಇಲ್ಲದಂಗೆ ಮಾಡಿದ್ದೆ.

ತಪ್ಪು ನಂದು ಅಂತ ಕೈ ಮುಗಿದೆ. ಬೈಗುಳ ನನ್ನ ಕಡೆ ತಿರುಗಿದ್ವು, ಜಗಳ ನಿಲ್ಲಲಿಲ್ಲ. ಈಗ ಯಾರ ಕುರಿ ಮುಂದೆ, ಯಾರದು ಹಿಂದೆ ಅಂತ ಶುರುವಾತು. ಯಜಮಾನ್ರು ಸುಣ್ಣ ಕಲಸಾಕೆ ಹೇಳಿದ್ರು. ಹುಡುಗ್ರ ಮುಖ ನೋಡಾಕೆ ಆಗಲಿಲ್ಲ ನನಗೆ.

ಅವರಾಗೆ ಒಬ್ಬಳು ಹುಡುಗಿ ಇದ್ದಳು, ದಿನಾ ಕುರಿ ಹಿಂದೆ ಹೋಗೋಳು, ಮಾತು ಕಮ್ಮಿ. "ನಾಳೆವರೆಗೂ ತಡಿಯಜ್ಜ" ಅಂತ ಯಜಮಾನ್ರಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಮೇಷ್ಟ್ರೇ, ಮಟಮಟ ಮಧ್ಯಾಹ್ನ ಕುರಿ ನೋಡೀರಾ?"

"ಇಲ್ಲವ್ವ."

"ಮತ್ತೆ ಹೆಂಗೆ ಕಲಿಸಾಕೆ ಬಂದ್ರಿ? ನಡೀರಿ."

ಊರಾಚೆ ಬಯಲು, ಒಂದು ಮರ ಇಲ್ಲ. ಬಿಸಿಲಿಗೆ ನೂರಾರು ಕುರಿ ಒಂದಕ್ಕೊಂದು ಒತ್ತಿ, ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತಿದ್ವು. ಒಂದರ ನೆರಳು ಇನ್ನೊಂದಕ್ಕೆ! ತಲೆ ಇಲ್ಲ, ಕಿವಿ ಇಲ್ಲ, ಬರೀ ಬೆನ್ನು. ಉಣ್ಣೆಯ ಒಂದೇ ಗುಡ್ಡ, ಅದು ಉಸಿರಾಡ್ತಾ ಐತೆ. ಇಷ್ಟು ವರ್ಷ ಬಣ್ಣ ಹಿಡಿದು ಓಡಾಡಿದೀನಿ, ಕಣ್ಣು ತೆರೆದಿದ್ದು ಅವತ್ತೇ.

ವಾಪಸ್ ಬಂದು ಹಳೇ ಕುರಿಗಳ ಮ್ಯಾಲೇ ಅವಳೇ ಹೊಸ ಗೆರೆ ಹಾಕಿದಳು, ಉಳಿದೋರು ಬಣ್ಣ ತುಂಬಿದ್ರು. ನಾನು ಡಬ್ಬಿ ಹಿಡಕೊಂಡು ನಿಂತೆ. ಕಪ್ಪು, ಕಂದು, ಬೂದಿ ಬಣ್ಣ, ಬೆನ್ನಿಗೆ ಬೆನ್ನು, ಗೋಡೆ ಈ ತುದಿಯಿಂದ ಆ ತುದಿವರೆಗೆ. ಚಿತ್ರದಾಗಿನ ನೆಲದ ಮ್ಯಾಲೆ ನೆರಳು ಕಾಲಡಿಗೆ ಒಂದು ಗೇಣು ಅಷ್ಟೇ.

ಮಾರನೇ ದಿನ ಕೇರಿಯೋರೆಲ್ಲ ಬಂದ್ರು. ಸುಣ್ಣದ ಬಕೀಟು ಪಕ್ಕದಾಗೇ ಇತ್ತು. ಒಬ್ಬ ಅಜ್ಜಿ ಸೆರಗು ತಲೆ ಮ್ಯಾಲೆ ಎಳಕೊಂಡು, "ಅಯ್ಯೋ, ಎಂಥಾ ಬಿಸಿಲು ಬರೆದೀರಪ್ಪ" ಅಂದಳು. ಸೂರ್ಯನ್ನ ಬರೆದೇ ಇರಲಿಲ್ಲ ಕಣ್ರೀ!

ಯಜಮಾನ್ರು ಗೋಡೆಗೆ ಮೂಗು ತಾಗೋ ಹಂಗೆ ನಿಂತು ಹುಡುಕಿ ಹುಡುಕಿ ಕೇಳಿದ್ರು, "ಇದರಾಗೆ ನಮ್ಮದು ಯಾವುದವ್ವ?"

"ತಲೆ ಎತ್ತಲಿ ತಡಿಯಜ್ಜ, ಹೇಳ್ತೀನಿ" ಅಂದಳು ಆ ಹುಡುಗಿ.

ಮೊದಲು ನಕ್ಕಿದ್ದೇ ಯಜಮಾನ್ರು. ಆಮೇಲೆ ಬಕೀಟು ಎತ್ತಿಸಿ, "ಸುಣ್ಣ ಕಲಸಿದ್ದು ದಂಡ ಆಗಬಾರ್ದು, ಹಿಂದಿನ ಗೋಡೆಗೆ ಬಳೀರಿ. ಅದರ ಮ್ಯಾಲೆ ಏನು ಬರೀತೀರೋ ನೀವೇ ಯೋಚನೆ ಮಾಡ್ರಿ" ಅಂದ್ರು. ಹುಡುಗ್ರು ಕುಣಿದಾಡಿಬಿಟ್ರು.

ನಿಮ್ಮೂರಿನಾಗೂ ಇಂಥದ್ದೇನಾದ್ರೂ ನಡೆದಿರಬೇಕಲ್ರೀ? ಕಲಿಸಾಕೆ ಹೋಗಿ ನೀವೇ ಕಲಿತು ಬಂದಿದ್ದು? ಅಕ್ಷರ ಚಂದ ಇರಬೇಕು ಅಂತೇನಿಲ್ಲ, ಹೆಂಗೆ ಬಾಯಿಗೆ ಬರ್ತೈತೋ ಹಂಗೇ ಬರೆದು ಕಳಿಸ್ರಿ. ಓದಾಕೆ ನಾನಿದ್ದೀನಿ.