ಮೈಯೊಳಗಿನ ಅಯೋಡಿನ್

ಕತ್ತಿನ ಗಂಟು ಮೊದಲು ಕಂಡದ್ದು ಅಂಗಡಿಯ ಕನ್ನಡಿಯಲ್ಲಿ. ಸೊಲ್ಲಾಪುರದಲ್ಲಿ ನಮ್ಮದು ಸೀರೆ ವ್ಯಾಪಾರ. ಗಿರಾಕಿಯೊಬ್ಬಳ ಹೆಗಲಿಗೆ ಸೆರಗು ಹಾಕಿ ತೋರಿಸುತ್ತಿದ್ದೆ. ಅವಳ ಹಿಂದೆ ನಿಂತಿದ್ದ ನನ್ನ ಕತ್ತು ಒಂದು ಕಡೆ ಉಬ್ಬಿತ್ತು. ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡಿ ಗ್ರಂಥಿ ತೆಗೆದರು. ಉಳಿದ ಚೂರುಗಳನ್ನು ನಾಶಮಾಡಲು ವಿಕಿರಣ ಸೂಸುವ ಅಯೋಡಿನ್ ನುಂಗಬೇಕು ಎಂದರು.

ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಪರಮಾಣು ಒಡೆದಾಗ ಹುಟ್ಟುವ ವಸ್ತುಗಳಲ್ಲಿ ಇದೂ ಒಂದು. ಅಣುಸ್ಥಾವರದಲ್ಲಿ ದೊಡ್ಡ ಅವಘಡವಾದರೆ ಇದು ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡಿಗೆ. ಎಷ್ಟೋ ವರ್ಷಗಳ ಮೇಲೆ ಅವರಲ್ಲಿ ಕೆಲವರಿಗೆ ನನ್ನದೇ ಕಾಯಿಲೆ ಬರುತ್ತದೆ. ಹಾಗಾದರೆ ಅದನ್ನೇ ನನಗೇಕೆ ಕೊಡುತ್ತೀರಿ ಎಂದು ಕೇಳಿದೆ. ಕಡಿಮೆಯಾದರೆ ಜೀವಕೋಶ ಕೆಡಬಹುದು, ಸಾಕಷ್ಟು ಕೊಟ್ಟರೆ ಸಾಯುತ್ತದೆ ಎಂದರು. ನನ್ನಲ್ಲಿ ಅವು ಸಾಯಬೇಕಿತ್ತು.

ನರ್ಸ್ ದಪ್ಪ ಸೀಸದ ಡಬ್ಬಿಯಲ್ಲಿ ಗುಳಿಗೆ ತಂದಿಟ್ಟು ಬಾಗಿಲಾಚೆ ಹೋಗಿ ನಿಂತಳು. ನುಂಗಿದೆ. ರುಚಿ ಏನೂ ಇರಲಿಲ್ಲ. ಕೆಲವು ದಿನ ಒಂಟಿ ಕೋಣೆಯಲ್ಲಿಟ್ಟು, ಮೀಟರ್ ಹಿಡಿದು ಅಳೆದು, ಬಿಡುಗಡೆ ಮಾಡಿದರು. ಮಕ್ಕಳು ಮತ್ತು ಬಸುರಿಯರಿಂದ ಕೆಲವು ವಾರ ದೂರವಿರಿ, ಬಟ್ಟೆ ಬೇರೆಯಾಗಿ ಒಗೆಯಿರಿ ಎಂದರು. ಮನೆಯಲ್ಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಐದು ತಿಂಗಳ ಬಸುರಿ. ಹಾಗಾಗಿ ಗಂಡ ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಕ್ಕಲಕೋಟೆಗೆ, ನನ್ನ ಅಕ್ಕನ ಮನೆಗೆ ಬಿಟ್ಟುಬಂದರು.

ಹಿತ್ತಿಲ ಕೋಣೆ, ಬೇರೆ ತಟ್ಟೆ, ಬೇರೆ ಪಾಯಖಾನೆ. ಅಕ್ಕ ಹೊಸ್ತಿಲಲ್ಲಿ ಊಟವಿಟ್ಟು ದೂರ ಸರಿದು ನಕ್ಕಳು. "ಹಿಂದಕ ತಿಂಗಳಿಗೊಮ್ಮೆ ಹೊರಗ ಕೂಡಸ್ತಿದ್ರಲ್ಲ, ಹಂಗ ಆತು ನೋಡು."

"ಅದು ಸುಳ್ಳ ಮೈಲಿಗಿ ಇತ್ತು. ಇದು ಖರೇ," ಎಂದೆ.

ಒಂದು ಮಧ್ಯಾಹ್ನ ಆ ನೆಗೆಣ್ಣಿಯೇ ಎಸ್‌ಟಿ ಬಸ್ ಹತ್ತಿ ಬಂದುಬಿಟ್ಟಳು. ನಾನು ಕೋಣೆಯಿಂದಲೇ ಕೂಗಿದೆ, "ಅಲ್ಲೇ ನಿಂದ್ರು! ಮುಂದ ಬರಬ್ಯಾಡ."

ಅವಳು ಅಂಗಳದ ಆ ತುದಿಯಲ್ಲಿ ಕಟ್ಟೆಯ ಮೇಲೆ ಕೂತಳು. ಮುಖ ಬಾಡಿತ್ತು.

"ಅಕ್ಕಾ, ನಿನ್ನ ದವಾಖಾನಿ ಅರಿವಿ ಚೀಲ ಕಾರಿನ್ಯಾಗ ಉಳದಿತ್ತು. ಗೊತ್ತಾಗದ ನಿನ್ನ ಗೌನು ನಾನ ಕೈಯಿಂದ ಒಗದೀನಿ. ಆಮ್ಯಾಲ ಮೊಬೈಲಿನ್ಯಾಗ ವಿಕಿರಣದ್ದ ಒಂದು ವಿಡಿಯೋ ಬಂತು. ಕೈ ಇಲ್ಲದ ಕೂಸುಗೋಳು... ಯಾರಿಗೂ ಹೇಳಿಲ್ಲ. ಮನ್ಯಾಗ ಅತ್ತಿಯವರಿಗೆ ತಿಳದ್ರ ನಿನಗ ಮನಿಗೇ ಬರಗೊಡಂಗಿಲ್ಲ."

ಏನೂ ಆಗುವುದಿಲ್ಲ ಎಂದು ಹೇಳಿಬಿಡುವುದು ಸುಲಭವಿತ್ತು. ನನಗೆ ಗೊತ್ತಿರಲಿಲ್ಲ, ಹೇಳಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ಅವಳಿಗೂ ಕೇಳುವಂತೆ ಸ್ಪೀಕರ್ ಜೋರು ಮಾಡಿದೆ. ಬೆವರಿನಲ್ಲಿ ಅಯೋಡಿನ್ ಬರುತ್ತದೆ, ನಿಜ. ಗರ್ಭದ ಕೂಸಿನ ಥೈರಾಯ್ಡೂ ಈಗ ಅದನ್ನು ಹೀರಬಲ್ಲದು, ಅದೂ ನಿಜ. ಆದರೆ ಒಂದು ಬಟ್ಟೆಯಿಂದ ಕೈಗೆ ಹತ್ತುವುದು ತೀರ ಅತ್ಯಲ್ಪ, ಅದೂ ನೀರಿನೊಂದಿಗೆ ಹರಿದುಹೋಗಿರುತ್ತದೆ ಎಂದರು. ಭಯ ಹೋಗಲಿ, ನಾಳೆ ಬರಲಿ, ಅಳೆದು ನೋಡೋಣ ಎಂದರು.

"ಹೋಗ್ತೀಯೇನು?" ಎಂದು ಕೇಳಿದೆ.

"ಹೋಗ್ತೀನಿ. ನೀನ ನಮ್ಮ ಮನಿಯವರಿಗೆ ಹೇಳು, ನನಗ ಅಳು ಬರತದ."

ಅಂದು ಸಂಜೆಯೇ ನನ್ನ ಗಂಡನಿಗೂ ಮೈದುನನಿಗೂ ಫೋನಿನಲ್ಲಿ ಎಲ್ಲ ಹೇಳಿದೆ. ಮರುದಿನ ಅವಳ ಕತ್ತಿನ ಬಳಿ ಮೀಟರ್ ಹಿಡಿದರು. ಅಯೋಡಿನ್ ನುಂಗದ ಯಾರ ಬಳಿ ಹಿಡಿದರೂ ತೋರಿಸುವಷ್ಟೇ ತೋರಿಸಿತು. ಗಂಡನಿಂದ ಸುದ್ದಿ ತಿಳಿದ ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. ಡಾಕ್ಟರು ಹೇಳಿದ ವಾರಗಳು ಮುಗಿದು ನಾನು ಮನೆಗೆ ಬಂದ ಮೇಲೂ ನನ್ನ ಲೋಟ ಬೇರೆ ಇಡುತ್ತಿದ್ದರು. ನಾನೂ ವಾದ ಮಾಡಲಿಲ್ಲ. ನೆಗೆಣ್ಣಿಗೆ ದಿನ ತುಂಬಿ ಹೆಣ್ಣು ಮಗುವಾಯಿತು, ಆರೋಗ್ಯವಾಗಿದೆ.

ಮುಂದಿನ ಸ್ಕ್ಯಾನಿನಲ್ಲಿ ನನ್ನ ಮೈಯಲ್ಲಿ ರೋಗದ ಗುರುತು ಕಾಣಲಿಲ್ಲ. ಆ ಗುಳಿಗೆಯಿಂದ ಜೊಲ್ಲು ಮಾತ್ರ ಕಡಿಮೆಯಾಗಿದೆ; ಒಣ ರೊಟ್ಟಿ ನೀರಿಲ್ಲದೆ ಇಳಿಯುವುದಿಲ್ಲ.

ಆ ವರದಿ ಬಂದ ದಿನ ಅತ್ತೆ ನನ್ನ ಎದುರು ಬಂದು ಕೂತರು.

"ಈಗ ನಿನ್ನ ಮೈಯಾಗ ಏನೂ ಉಳದಿಲ್ಲಲ್ಲ?"

"ಇಲ್ರಿ."

ಅವರು ಕೈ ಚಾಚಿ ನನ್ನ ಕತ್ತಿನ ಹೊಲಿಗೆಯ ಗೆರೆ ಮುಟ್ಟಿ ನೋಡಿದರು. "ಭಾಳ ನೋವಾಗಿತ್ತೇನು?" ಎಂದರು. ಅಲ್ಲಿಯವರೆಗೆ ಅದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.