ದೊಡ್ಡವ್ವ ಬಿಚ್ಚಿದ ಬೆಲ್ಟು

ಬೆಳಿಗ್ಗೆ ಹತ್ತೂವರೆಗೆ, ಹರಪನಹಳ್ಳಿ ದಾಟಿದ ಕೂಡಲೇ, ಕೊಟ್ರಮ್ಮ ದೊಡ್ಡವ್ವ ಕಾರಿನಲ್ಲಿ ಮಗುವಿನ ಸೀಟಿನ ಬೆಲ್ಟು ಬಿಚ್ಚಿದಳು. ಟಕ್ ಎಂಬ ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಅವಳು ನಮ್ಮಪ್ಪನ ಅಣ್ಣನ ಹೆಂಡತಿ. ದಪ್ಪ ತೋಳು, ಅಗಲ ಮಡಿಲು. ಮನೆತನದ ಕೂಸುಗಳನ್ನೆಲ್ಲ ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು, ನನ್ನನ್ನೂ. ಡಾಕ್ಟರು ಏನಾದರೂ ಹೇಳಿ ಕಳಿಸಿದರೆ, "ಅವ ಎಷ್ಟು ಹಡದಾನ?" ಎಂದು ಕೇಳುತ್ತಿದ್ದಳು.

ಅಣ್ಣ ಹಳೆಯ ಕಾರು ಕೊಂಡಾಗ ಅತ್ತಿಗೆ ಎರಡು ವರ್ಷದ ಮಗನಿಗೆಂದು ಹುಬ್ಬಳ್ಳಿಯಿಂದ ಪುಟ್ಟ ಸೀಟು ತರಿಸಿದಳು. ಕಾರಿನ ಬೆಲ್ಟನ್ನು ಅದರ ಬೆನ್ನಿನ ಸಂದಿಯಲ್ಲಿ ತೂರಿಸಿ, ಮೊಣಕಾಲೂರಿ ಒತ್ತಿ, ಅಲ್ಲಾಡಿಸಿದರೂ ಅಲ್ಲಾಡದಷ್ಟು ಬಿಗಿ ಮಾಡಿ, ಆಮೇಲೆ ಮಗುವನ್ನು ಸೀಟಿನದೇ ಬೆಲ್ಟಿನಿಂದ ಕಟ್ಟುತ್ತಿದ್ದಳು. ದೊಡ್ಡವ್ವನಿಗೆ ಅದು ಕಣ್ಣಿಗಾಗದು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಾಲದಂತೆ ಕಟ್ಟಿ ಒಯ್ಯುತ್ತಾರೆ.

"ಹೆಣಾ ಕಟ್ಟಿದಂಗ ಕೂಸಿನ್ನ ಕಟ್ಟತೀರಲ್ಲ, ಕೈ ಹೆಂಗ ಬರತೈತಿ ನಿಮಗ?"

ಅಂದು ಕೊಟ್ಟೂರಿನ ಮದುವೆಗೆ ಹೊರಟಿದ್ದೆವು. ಅತ್ತಿಗೆ ಮುಂದಿನ ಸೀಟಿನಿಂದ ತಿರುಗಿ ಬೇಡವೆಂದಳು. "ನನ್ನ ತೊಡಿಕಿಂತ ಗಟ್ಟಿ ಯಾವುದೈತಿ?" ಎಂದು ದೊಡ್ಡವ್ವ ಮಗುವನ್ನು ಎತ್ತಿಕೊಂಡಳು. ಅಣ್ಣ ನಕ್ಕು ಗೇರು ಬದಲಿಸಿದ.

ಮುಂದೆ ರೈತರು ರಸ್ತೆಯ ತುಂಬ ಹುರುಳಿ ಸೊಪ್ಪು ಹರಡಿದ್ದರು, ಗಾಡಿಗಳು ತುಳಿದು ಒಕ್ಕಲಿ ಎಂದು. ಅಡ್ಡ ಬಂದ ಎಮ್ಮೆಗೆ ಅಣ್ಣ ಬ್ರೇಕ್ ಒತ್ತಿದ. ಕಾರು ಆ ಸೊಪ್ಪಿನ ಮೇಲೆ ಜಾರಿ ಬೇವಿನ ಮರಕ್ಕೆ ಗುದ್ದಿತು. ಮಗು ಅವಳ ತೋಳಿನಿಂದ ಕಿತ್ತುಕೊಂಡು ಹಾರಿ ಮುಂದಿನ ಗಾಜಿಗೆ ಬಡಿಯಿತು. ಅದರ ಸೀಟು ಕದಲಿರಲಿಲ್ಲ. ಖಾಲಿ ಇತ್ತು. ಬಿ.ಎಸ್ಸಿ. ಓದಿದ ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೆ: ಆ ವೇಗದಲ್ಲಿ ಗುದ್ದಿದ ಕಾರಿನಲ್ಲಿ ಹನ್ನೆರಡು ಕಿಲೋ ಮಗು ಯಾವ ತೋಳಿಗೂ ದಕ್ಕುವುದಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ದಿನ ಅದು ಕಣ್ಣು ಬಿಡಲಿಲ್ಲ; ಮೂರನೆಯ ದಿನ ಬಿಟ್ಟಿತು. ಬಂದವರಿಗೆಲ್ಲ ದೊಡ್ಡವ್ವ ತನ್ನ ಪ್ಲಾಸ್ಟರ್ ಹಾಕಿದ ತೋಳು ತೋರಿಸಿ, "ನಾ ಹಿಡದಿದ್ದಕ್ಕ ಉಳೀತು" ಎನ್ನುತ್ತಿದ್ದಳು. ಅವಳ ಇನ್ನೊಂದು ತೋಳನ್ನೂ ಮುರಿಯಬೇಕೆನಿಸುವಷ್ಟು ಸಿಟ್ಟು ಬಂತು ನನಗೆ. ಅಣ್ಣನ ಆ ನಗುವಿನ ಮೇಲೂ. ಇಂದಿಗೂ ಇಳಿದಿಲ್ಲ.

ಮನೆಗೆ ಬಂದ ಮೇಲೆ ಮಗು ರಾತ್ರಿಯೆಲ್ಲ ಬೆಚ್ಚಿ ಚೀರುತ್ತಿತ್ತು. ಯಾರ ಕೈಗೂ ಸುಮ್ಮನಾಗದು. ಒಂದು ಸಂಜೆ, ಸೋತು ಹೋಗಿದ್ದ ಅತ್ತಿಗೆ ಅದನ್ನು ದೊಡ್ಡವ್ವನ ಮಡಿಲಿಗೆ ಹಾಕಿದಳು.

"ಮನ್ಯಾಗ ಎಷ್ಟ ಹೊತ್ತಾದ್ರೂ ಇಟ್ಕೋರಿ ಅತ್ತಿ. ಕಾರಿನ್ಯಾಗ ಮಾತ್ರ ಕೇಳಬ್ಯಾಡ್ರಿ."

ದೊಡ್ಡವ್ವ ಮಗುವಿನ ಬೆನ್ನು ತಟ್ಟತೊಡಗಿದಳು.

ಮರುದಿನ ಬಿಸಿಲು ಮುಖಕ್ಕೆ ಬಿದ್ದಾಗ ನಾವೆಲ್ಲ ಗಾಬರಿಯಿಂದ ಎದ್ದೆವು. ರಾತ್ರಿ ಯಾರಿಗೂ ಎಚ್ಚರವಾಗಿರಲಿಲ್ಲ. ದೊಡ್ಡವ್ವನ ಮಡಿಲಲ್ಲಿ ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು. ಅವಳು ಗೋಡೆಗೊರಗಿ ಕೂತೇ ಬೆಳಗು ಮಾಡಿದ್ದಳು. ಅಂದೇ ಬಸ್ಸಿನಲ್ಲಿ ತವರು ಹಡಗಲಿಗೆ ಹೋದಳು, ಕೊನೆಗೆ ಅಲ್ಲೇ ತೀರಿಕೊಂಡಳು; ನಾನು ಮತ್ತೆ ಅವಳನ್ನು ನೋಡಲಿಲ್ಲ. ಹೊರಡುವ ಮುನ್ನ ಮಗುವನ್ನು ಅತ್ತಿಗೆಯ ಕೈಗಿತ್ತು ಅಂದಳು:

"ಕಟ್ಟೇ ಕುಂದ್ರಸವ್ವ. ನಾ ನೋಡಂಗಿಲ್ಲ, ಅಷ್ಟ."