ಮೀಸಲು ಕೊಡ

ನಮ್ಮ ಬೈಲಹೊಂಗಲದ ಓಣಿಯಲ್ಲಿ ನಳಕ್ಕೆ ನೀರು ಬಂತೆಂದರೆ ಅವತ್ತು ಯಾರಿಗೂ ಬೇರೆ ಕೆಲಸವಿಲ್ಲ. ವಾರಕ್ಕೊಮ್ಮೆ ಬಂದರೆ ಪುಣ್ಯ. ನಳ ಮೊದಲು ಕೆಮ್ಮುತ್ತದೆ, ಗಾಳಿ ಬಿಡುತ್ತದೆ, ಆಮೇಲೆ ನೀರು. ಆ ಮೊದಲ ನೀರು ಮೀಸಲು. ನಮ್ಮ ಅತ್ತೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಗಂಟು ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡ ಹಿಡಿದು ನಳದ ಮುಂದೆ ಕೂತಿರುತ್ತಿದ್ದರು. ಆ ಕೊಡದಿಂದ ಒಂದು ತಂಬಿಗೆ ದೇವರ ಜಗಲಿಗೆ, ಉಳಿದದ್ದು ಮನೆಯ ಸಣ್ಣ ಕೂಸಿಗೆ. ಕೂಸಿಲ್ಲದಿದ್ದರೆ ಬಸುರಿಗೆ.

ದೊಡ್ಡವರಾದ ನಾವು ಕುಡಿಯುವುದು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತುಂಬಿಸಿ ತರುವ ಮಷಿನ್ ನೀರು. ಅದನ್ನೇ ಮಗಳಿಗೂ ಕೊಡೋಣವೆಂದು ನಾನು ಒಮ್ಮೆ ಬಾಯಿ ಬಿಟ್ಟಿದ್ದೆ.

"ಹಂಗ ಯಾಕ ಅಂತಿ? ಯಾರ್ಯಾರು ಮುಟ್ಟಿದ ನೀರ ಅದು! ಕೂಸಿಗಿ ಮೀಸಲ ನೀರ ಇರಲಿ" ಎಂದು ಅತ್ತೆ ಕೊಡದ ಮೇಲೆ ಮುಚ್ಚಳ ಇಟ್ಟರು. ಮಾತು ಅಲ್ಲಿಗೇ ಮುಗಿಯಿತು. ನಾನು ಆ ನೀರನ್ನು ಕಾಯಿಸಿ, ಆರಿಸಿ, ಮಗಳಿಗೆ ಕೊಡುತ್ತಾ ಬಂದೆ.

ಮಗಳಿಗೆ ಮೂರು ತುಂಬಿತು, ಮಾತು ಬರಲಿಲ್ಲ. ಅವ್ವ, ಆಯಿ, ಬ್ಯಾಡ. ಇಷ್ಟೇ. ಆಯಿ ಅಂದರೆ ಅಜ್ಜಿ. ಓಣಿಯಲ್ಲಿ ಅವಳ ಓರಗೆಯ ಮಕ್ಕಳು ಜಗಳಕ್ಕೆ ನಿಂತರೆ ದೊಡ್ಡವರ ಬಾಯಿ ಮುಚ್ಚಿಸುವಷ್ಟು ಮಾತಾಡುತ್ತಿದ್ದವು. ನಮ್ಮದು ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮಲಗುತ್ತಿತ್ತು. ಮುಖ ಬಿಳುಚಿಕೊಂಡಿತ್ತು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. "ಅವರಪ್ಪನೂ ತಡಾನ ಮಾತಾಡ್ಯಾನ, ಚಿಂತಿ ಮಾಡಬ್ಯಾಡ" ಅಂದರು. ಜಂತುಹುಳದ ಔಷಧ ಆಯಿತು, ಟಾನಿಕ್ ಆಯಿತು. ಕಡೆಗೆ ಗಂಡನಿಗೆ ಹೇಳದೆಯೇ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳಗಾವಿ ಬಸ್ಸು ಹತ್ತಿದೆ.

ಅಲ್ಲಿಯ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು. ಮುಂದಿನ ಸಲ ಹೋದಾಗ ಮಗಳ ರಕ್ತದಲ್ಲಿ ಸೀಸ ಇದೆ ಎಂದರು. ಸೀಸವೇ ರಕ್ತ ಕೆಡಿಸುತ್ತದೆ, ಹೊಟ್ಟೆ ನೋಯಿಸುತ್ತದೆ, ಮಾತನ್ನೂ ಹಿಂದೆ ಹಾಕಬಹುದು ಎಂದರು. ಗೋಡೆಯ ಬಣ್ಣ ಕೇಳಿದರು, ಕಣ್ಣಿನ ಕಾಡಿಗೆ ಕೇಳಿದರು, ಆಟಿಕೆ ಸಾಮಾನು ಕೇಳಿದರು. ಆಮೇಲೆ ನೀರು ಕೇಳಿದರು.

"ಕಾಯಿಸೇ ಕೊಡತೇನ್ರಿ" ಎಂದೆ, ಜಂಬದಿಂದಲೇ.

"ಕಾಯಿಸಿದ್ರ ಕ್ರಿಮಿ ಸಾಯತಾವ್ರಿ ಅಕ್ಕಾರ. ಸೀಸ ಎಲ್ಲಿ ಹೋಗತೈತಿ? ಮನಿಗೆ ಬರೂ ಪೈಪ್ ಯಾವದೈತಿ, ನೋಡ್ರಿ. ಬೂದಿ ಬಣ್ಣದ್ದು, ಮೆತ್ತಗಿತ್ತಂದ್ರ ಸ್ವಲ್ಪ ಕೆರದು ನೋಡ್ರಿ. ಹೊಳೀತಂದ್ರ ಸೀಸ."

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ನಳದ ಬುಡದಲ್ಲಿ ಕೂತು ಅಡುಗೆಯ ಚಾಕುವಿನಿಂದ ಪೈಪು ಕೆರೆದೆ. ಬೆಣ್ಣೆ ಕೆರೆದಷ್ಟು ಸಲೀಸು. ಒಳಗಿಂದ ಬೆಳ್ಳಿಯ ಹಾಗೆ ಫಳ್ಳನೆ ಹೊಳೆಯಿತು.

ಆ ಪೈಪಿನ ಕಥೆ ನಮ್ಮ ಮನೆಯ ಹೆಮ್ಮೆ. ಮಾವನವರ ಅಪ್ಪ ಬೆಳಗಾವಿ ಕ್ಯಾಂಪಿನಲ್ಲಿ ಯಾವುದೋ ಸಾಹೇಬರ ಬಂಗಲೆ ಕೆಡವಿದಾಗ ಕೊಂಡು, ಚಕ್ಕಡಿಯಲ್ಲಿ ಹೇರಿಕೊಂಡು ಬಂದದ್ದು. ಓಣಿಯವರ ಪೈಪುಗಳೆಲ್ಲ ತುಕ್ಕು ಹಿಡಿದು ಬದಲಾದವು, ನಮ್ಮದು ಕದಲಲಿಲ್ಲ. ಬೀಗರು ಬಂದಾಗಲೂ ಅತ್ತೆ ಅದನ್ನು ತೋರಿಸುತ್ತಿದ್ದರು.

ನೀರನ್ನೂ ಪರೀಕ್ಷೆಗೆ ಕೊಟ್ಟೆವು. ಮೊದಲ ಕೊಡದ್ದೊಂದು ಬಾಟಲಿ, ಬಹಳ ಹೊತ್ತು ಹರಿದ ಮೇಲಿನದೊಂದು. ಎರಡರಲ್ಲೂ ಸೀಸವಿತ್ತು, ಮೊದಲ ಕೊಡದ್ದರಲ್ಲಿ ಬಹಳ ಇತ್ತು. ವಾರವಿಡೀ ಆ ಪೈಪಿನೊಳಗೆ ಸುಮ್ಮನೆ ನಿಂತ ನೀರು ಅದು. ಅಂಗಳ ತೊಳೆಯುವುದಕ್ಕೂ ಬೇಡವಾದ ನೀರನ್ನು ಮಡಿಯಿಂದ ಹಿಡಿದು, ಮುಚ್ಚಿಟ್ಟು, ಒಂದೇ ಒಂದು ಕೂಸಿಗೆ ಕುಡಿಸಿದ್ದೆವು.

ಅವತ್ತು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ದನಿ ಏರಿಸದವಳು ಪಡಸಾಲೆಯಲ್ಲಿ ನಿಂತು ಕೂಗಿದೆ. "ನೋಡ್ರಿ ಅತ್ಯಾರ, ಏನ್ ಕುಡಿಸೀರಿ! ಮೀಸಲ ಮೀಸಲ ಅಂತ ನನ್ನ ಕೂಸಿನ ಬಾಯಿ ಕಟ್ಟಿದ್ರಿ!" ಗಂಡ ತಡೆಯಲು ಬಂದ. ಅವನಿಗೂ ಬೈಗುಳ ಬಿತ್ತು.

ಅತ್ತೆ ತಿರುಗಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೊಡ ತಬ್ಬಿಕೊಂಡು ಕೂತೇ ಇದ್ದರು. ಮೆಲ್ಲಗೆ ಕೇಳಿದರು: "ಯವ್ವಾ, ಇವ ಹುಟ್ಟೂಕಿಂತ ಮದಲ ನನಗ ಎರಡು ನಿಲ್ಲಲಿಲ್ಲ. ಬಸರಿದ್ದಾಗ ನಮ್ಮತ್ತಿ ಇದೇ ನೀರ ಕೊಡ್ತಿದ್ಲು. ಅದೂ ಇದರಿಂದನ ಏನ?"

ಮುಂದಿನ ಸಲ ಡಾಕ್ಟರನ್ನು ಕೇಳಿದೆ. ಆಗಿರಬಹುದು, ಈಗ ಹೇಳಲಿಕ್ಕೆ ಬರುವುದಿಲ್ಲ ಅಂದರು. ಅತ್ತೆಗೆ ನಾನು ಅದನ್ನು ಇನ್ನೂ ಹೇಳಿಲ್ಲ.

ಈಗ ಮಗಳಿಗೂ ಕ್ಯಾನಿನ ನೀರೇ. ರಕ್ತದ ಸೀಸ ಇಳಿಯುತ್ತಿದೆ. ಮಾತು ಎಷ್ಟು ಬರುತ್ತದೋ ಕಾದು ನೋಡಬೇಕು ಅನ್ನುತ್ತಾರೆ. ಪೈಪು ಬದಲಿಸಲು ಹೊಸ ಕಾಂಕ್ರೀಟ್ ರಸ್ತೆ ಅಗೆಯಬೇಕು, ಅದಕ್ಕೆ ಪರವಾನಗಿ ಕೇಳಿ ಕೂತಿದ್ದೇವೆ. ಅಲ್ಲಿಯವರೆಗೆ ಬಳಕೆಯ ನೀರು ಹಿಡಿಯುವ ಮೊದಲು ಅತ್ತೆಯೇ ನಳ ಬಿಟ್ಟು ನೀರನ್ನು ಗಟಾರಕ್ಕೆ ಹರಿಸುತ್ತಾರೆ. "ಏನ್ರಿ, ನೀರ ಹಿಂಗ ಚೆಲ್ಲಾಕ ಹತ್ತೀರಿ!" ಎಂದು ಓಣಿಯವರು ಬೈದರೆ ತಲೆ ಎತ್ತುವುದಿಲ್ಲ.

ಮೊನ್ನೆ ನಳ ಕೆಮ್ಮಿದ ಸದ್ದಿಗೆ ಮಗಳು ತನ್ನ ಪುಟ್ಟ ತಂಬಿಗೆ ಹಿಡಿದು ಓಡಿಬಂದಳು. ಮೊದಲ ನೀರು ತನ್ನದೆಂದು ಅವಳಿಗೆ ಹುಟ್ಟಿದಾಗಿನಿಂದ ರೂಢಿ. ತಂಬಿಗೆ ತುಂಬಿಸಿ ತುಟಿಗೆ ಇಡುವುದರೊಳಗೆ ಅತ್ತೆ ಕಸಿದುಕೊಂಡು ಗಟಾರಕ್ಕೆ ಸುರುವಿದರು. ಎಂದೂ ಮೊಮ್ಮಗಳ ಮೇಲೆ ಜೋರು ಮಾಡದ ಹೆಂಗಸು. ಮಗಳು ದಿಕ್ಕು ತೋಚದೆ ನಿಂತಳು, ಆಮೇಲೆ ಚಿಟ್ಟನೆ ಚೀರುತ್ತ ನನ್ನ ಸೀರೆಗೆ ಬಂದು ಬಿದ್ದಳು.

"ಅವ್ವಾ, ಆಯಿ ನನ್ನ ನೀರ ಚೆಲ್ಲಿದ್ಲು!"

ಅಷ್ಟು ಮಾತು ಅವಳು ಅಲ್ಲಿಯವರೆಗೆ ಒಟ್ಟಿಗೆ ಆಡಿರಲಿಲ್ಲ. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಅಲ್ಲೇ ಕೂತೆ. ಅತ್ತೆ ಖಾಲಿ ತಂಬಿಗೆ ಹಿಡಿದುಕೊಂಡು ನಮ್ಮ ಹತ್ತಿರ ಬಂದರು.

"ಹೌದು ನನ್ನವ್ವ, ನಾನ ಚೆಲ್ಲೀನಿ" ಎಂದರು. "ಬೈಯಿ. ಬಾಯ್ತುಂಬ ಬೈಯಿ ನನಗ."